ಯಾರಿಗಾಗಿ ಕೀಳುತ್ತಿದ್ದೀಯ? ಮಿಗ್‌ಮಾ ಮಕ್ಕಳು ಗಿಡಮೂಲಿಕೆ ಕಲಿಯುವ ಬಗೆ

ಪ್ರಶ್ನೆ: ನಾವು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗಳ ಶಾಲೆಗೆ ಮಿಗ್‌ಮಾ ಎಂಬ ಇಲ್ಲಿಯ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು ಬಂದು ಮಕ್ಕಳನ್ನು ಪಕ್ಕದ ಕಾಡಿಗೆ ಕರೆದೊಯ್ದಿದ್ದರು. ಅಂದಿನಿಂದ ಅವಳು ಗಿಡ ಕೀಳುವ ಮೊದಲು ಹೊಗೆಸೊಪ್ಪು ಇಡಬೇಕು, ಮೊದಲು ಕಂಡ ಗಿಡವನ್ನು ಮುಟ್ಟಬಾರದು ಎನ್ನುತ್ತಾಳೆ. ಆರು ವರ್ಷದ ತಮ್ಮನೋ ಕಂಡದ್ದನ್ನೆಲ್ಲ ಕಿತ್ತು ಜೇಬಿಗೆ ತುಂಬುತ್ತಾನೆ. ಮಿಗ್‌ಮಾ ಜನ ತಮ್ಮ ಮಕ್ಕಳಿಗೆ ಇದನ್ನೆಲ್ಲ ಹೇಗೆ ಕಲಿಸುತ್ತಾರೆ? ನಾವೂ ಮನೆಯಲ್ಲಿ ಅದನ್ನೇ ಅನುಸರಿಸಬಹುದೇ? ಅವರ ಔಷಧಿಗಳಲ್ಲಿ ನಮ್ಮ ಬಜೆಯೂ ಇದೆಯಂತೆ, ನಿಜವೇ?

ಉತ್ತರ:

ಬಜೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ‘ಹೌದು’ ಎಂದೂ ‘ಜೋಪಾನ’ ಎಂದೂ ಎರಡು ಉತ್ತರಗಳಿವೆ.

ನಿಮ್ಮ ಮಗಳು ಮನೆಗೆ ತಂದ ಎರಡು ನಿಯಮಗಳೂ ನಿಜವಾದವೇ. ಒಂದು ಚಿಟಿಕೆ ಹೊಗೆಸೊಪ್ಪನ್ನು ನೆಲಕ್ಕೆ ಅರ್ಪಿಸಿ, ಏತಕ್ಕಾಗಿ ಬಂದಿದ್ದೇನೆಂದು ಗಿಡಕ್ಕೆ ಹೇಳಿ, ಮೊದಲು ಕಂಡದ್ದನ್ನು ಬಿಟ್ಟು ಮುಂದಿನವುಗಳಿಂದ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು ಮಿಗ್‌ಮಾ ಹಿರಿಯರು ಕಲಿಸುವ ಕ್ರಮ. ಶಾಲೆಯ ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸಬಹುದಾದದ್ದು ಇಷ್ಟೇ. ಹಾಗಾಗಿ ಮಕ್ಕಳ ನೆನಪಿನಲ್ಲಿ ಉಳಿಯುವುದೂ ಇಷ್ಟೇ. ಮಿಗ್‌ಮಾ ಮನೆಯಲ್ಲಿ ಅಜ್ಜಿಯ ಜೊತೆ ಬೆಳೆಯುವ ಮಗುವಿಗೆ ಮಾತ್ರ ಇವು ಮೊದಲ ಪಾಠವಾಗಿರುವುದಿಲ್ಲ. ಈ ಗಿಡ ಯಾರಿಗಾಗಿ ಬೇಕಾಗಿದೆ ಎಂಬುದು ಮಗುವಿಗೆ ಅದಕ್ಕಿಂತ ಮುಂಚೆಯೇ ತಿಳಿದಿರುತ್ತದೆ.

ಗೋಲ್ಡ್‌ಥ್ರೆಡ್ ಎಂಬ ಪುಟ್ಟ ಗಿಡವನ್ನೇ ತೆಗೆದುಕೊಳ್ಳಿ. ಫರ್ ಮತ್ತು ಸ್ಪ್ರೂಸ್ ಮರಗಳ ನೆರಳಿನಲ್ಲಿ, ತೇವದ ಹಾವಸೆಯ ನಡುವೆ ಬೆಳೆಯುತ್ತದೆ. ಮೂರು ದಳಗಳಾಗಿ ಸೀಳಿದ, ಮಿರುಗುವ ಎಲೆ. ಹಾವಸೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಕೆಳಗೆ ದಾರದಷ್ಟು ತೆಳ್ಳಗಿನ, ಅಚ್ಚ ಹಳದಿಯ ಬೇರು. ಬಾಯಿ ಹುಣ್ಣಿಗೆ, ಹಲ್ಲು ಬರುವ ಮಕ್ಕಳ ವಸಡಿನ ನೋವಿಗೆ ಇದು ಅವರ ಹಳೆಯ ಮದ್ದು. ನಮ್ಮ ಮರದರಿಶಿನದಲ್ಲಿರುವ ಬರ್ಬೆರಿನ್ ಇದರಲ್ಲಿಯೂ ಇದೆ. ಬಣ್ಣವೂ ಕಹಿಯೂ ಅದರದ್ದೇ. ಮನೆಯಲ್ಲಿ ಯಾರಿಗೋ ಬಾಯಿ ಹುಣ್ಣಾಗಿದೆ, ಅಜ್ಜಿ ಕಾಡಿಗೆ ಹೊರಡುತ್ತಾಳೆ, ಮೊಮ್ಮಗು ಚೀಲ ಹಿಡಿದು ಹಿಂದೆ ಹೋಗುತ್ತದೆ. ಅಜ್ಜಿ ಪಾಠ ಹೇಳುವುದಿಲ್ಲ. ಎಲ್ಲಿ ಬಾಗುತ್ತಾಳೆ, ಯಾವ ಜಾಗವನ್ನು ಕಂಡೂ ಕಾಣದಂತೆ ದಾಟುತ್ತಾಳೆ, ಬೇರು ತೆಗೆದ ಮೇಲೆ ಹಾವಸೆಯನ್ನು ಹೇಗೆ ಮತ್ತೆ ಹೊದಿಸಿ ಅಂಗೈಯಿಂದ ಒತ್ತುತ್ತಾಳೆ ಎಂಬುದನ್ನು ಮಗು ನೋಡುತ್ತದೆ. ಇಂಥ ಬೇರನ್ನು ಬುಟ್ಟಿಗಟ್ಟಲೆ ಕಿತ್ತರೆ ಗಿಡದ ಗುಂಪೇ ನಾಶವಾಗುತ್ತದೆ. ಒಬ್ಬ ರೋಗಿಗೆ ಎಷ್ಟು ಬೇಕು ಎಂದು ಗೊತ್ತಿದ್ದವರ ಕೈ ತಾನಾಗಿಯೇ ಹಿಡಿತದಲ್ಲಿರುತ್ತದೆ. ‘ಬೇಕಾದಷ್ಟೇ ತೆಗೆದುಕೊ’ ಎಂಬ ಮಾತಿಗೆ ಅಳತೆ ಸಿಗುವುದು ಆ ರೋಗಿಯಿಂದ. ಕಾಯಿಲೆಯವರೇ ಇಲ್ಲದೆ ಹೊರಟ ಶಾಲಾ ನಡಿಗೆಯಲ್ಲಿ ಅದೇ ಮಾತು ಬರೀ ಬುದ್ಧಿವಾದವಾಗಿ ಉಳಿಯುತ್ತದೆ.

ಮಿಗ್‌ಮಾ ಜನರ ನಾಡು ಮಿಗ್‌ಮಾಗಿ. ಇಂದಿನ ನೋವಾ ಸ್ಕೋಷಿಯಾ, ಪ್ರಿನ್ಸ್ ಎಡ್ವರ್ಡ್ ದ್ವೀಪ, ನ್ಯೂ ಬ್ರನ್ಸ್‌ವಿಕ್‌ನ ಭಾಗ, ಕ್ವಿಬೆಕ್‌ನ ಗ್ಯಾಸ್ಪೇ ಪರ್ಯಾಯದ್ವೀಪ, ನ್ಯೂಫೌಂಡ್‌ಲ್ಯಾಂಡ್ ಎಲ್ಲವೂ ಅದರಲ್ಲಿ ಸೇರುತ್ತವೆ. ಅಮೆರಿಕದ ಮೇಯ್ನ್ ರಾಜ್ಯದಲ್ಲೂ ಅವರಿದ್ದಾರೆ. ಅವರ ತಿಂಗಳುಗಳೇ ಮಕ್ಕಳಿಗೆ ಪಂಚಾಂಗ. ಮಾರ್ಚ್ ಸುಮಾರಿನ ತಿಂಗಳು ಮೇಪಲ್ ಮರದಿಂದ ಸಿಹಿನೀರು ಇಳಿಯುವ ಕಾಲ, ಮೇ ಸುಮಾರಿನದು ಕಪ್ಪೆ ವಟಗುಟ್ಟುವ ಕಾಲ, ಆಗಸ್ಟ್ ಸುಮಾರಿನದು ಹಣ್ಣು ಮಾಗುವ ಕಾಲ. ತಿಂಗಳ ಹೆಸರು ಕಲಿತ ಮಗು ಯಾವಾಗ ಏನನ್ನು ಹುಡುಕಬೇಕೆಂಬುದನ್ನೂ ಅರ್ಧ ಕಲಿತಂತೆ.

ಮಕ್ಕಳ ಕೈಗೆ ಮೊದಲು ಕೊಡುವ ಕೆಲಸ ಹೆಚ್ಚಾಗಿ ಬ್ಲೂಬೆರ್ರಿ ಬಿಡಿಸುವುದು. ತಪ್ಪಿದರೂ ಗಿಡ ಸಾಯುವುದಿಲ್ಲ, ಕೂಲಿ ಬಾಯಿಗೇ ಸಿಗುತ್ತದೆ. ಹಲವು ತಲೆಮಾರುಗಳಿಂದ ಮಿಗ್‌ಮಾ ಕುಟುಂಬಗಳು ಆಗಸ್ಟ್ ತಿಂಗಳಿನಲ್ಲಿ ಮೇಯ್ನ್‌ನ ಬ್ಲೂಬೆರ್ರಿ ಬಯಲುಗಳಿಗೆ ಕೂಲಿಗೆಂದು ಹೋಗುತ್ತಿವೆ. ಸಂಪ್ರದಾಯವೆಂದರೆ ಕಾಡು, ಧ್ಯಾನ, ಮೌನ ಎಂದು ಚಿತ್ರಿಸಿಕೊಳ್ಳುವವರಿಗೆ ಈ ಕೂಲಿಯ ಭಾಗ ರುಚಿಸುವುದಿಲ್ಲ. ಮಕ್ಕಳು ಅಜ್ಜ, ಅಜ್ಜಿ, ಚಿಕ್ಕಮ್ಮಂದಿರ ಜೊತೆ ವಾರಗಟ್ಟಲೆ ಹೊರಗಿರುವುದು, ಅವರ ಮಾತು ಕೇಳಿಸಿಕೊಳ್ಳುವುದು ಅಲ್ಲಿಯೂ ನಡೆಯುತ್ತದೆ. ಇನ್ನೊಂದು ಕಡೆ ಬೇಟೆಯ ವಿಷಯದಲ್ಲಿ, ಹುಡುಗನೊಬ್ಬ ಮೊದಲ ಬಾರಿ ಮೂಸ್ ಎಂಬ ದೊಡ್ಡ ಜಿಂಕೆಯನ್ನು ಹೊಡೆದರೆ ಮಾಂಸವನ್ನು ಹಿರಿಯರಿಗೂ ಸಮುದಾಯಕ್ಕೂ ಹಂಚುವ ಪದ್ಧತಿ ಇದೆ. ನಾನೇ ಗಳಿಸಿದ್ದು ನನ್ನದಲ್ಲ ಎಂಬುದು ಹೀಗೆ ಮೊದಲ ಗಳಿಕೆಯ ದಿನವೇ ಮೈಗೆ ಹತ್ತುತ್ತದೆ.

ಪೇಟೆಯ ಮಕ್ಕಳಿಗೆ ನಾವು ಕಲಿಸುವ ನಿಸರ್ಗಪ್ರೇಮಕ್ಕೂ ಇದಕ್ಕೂ ದೊಡ್ಡ ಅಂತರವಿದೆ. ‘ಮುಟ್ಟಬೇಡ, ಕೀಳಬೇಡ, ಫೋಟೊ ತೆಗೆದುಕೊಂಡು ಬಾ’ ಎನ್ನುವುದು ಉದ್ಯಾನದ ನಿಯಮ. ಮಿಗ್‌ಮಾ ಕ್ರಮದಲ್ಲಿ ಮುಟ್ಟದಿರುವುದೇ ಗೌರವವಲ್ಲ. ಬಳಸದೆ ಬಿಟ್ಟರೆ ಗಿಡದ ಪರಿಚಯ ತಪ್ಪುತ್ತದೆ, ಪರಿಚಯ ತಪ್ಪಿದ ಗಿಡದ ಪರವಾಗಿ ಯಾರೂ ಬಾಯಿ ತೆರೆಯುವುದಿಲ್ಲ. ತನಗೂ ಸಮುದಾಯಕ್ಕೂ ಬೇಕಾದುದನ್ನು ನಿಸರ್ಗದಿಂದ ಪಡೆಯಬೇಕು, ಆದರೆ ಅದರ ಸಮೃದ್ಧಿಗೂ ವೈವಿಧ್ಯಕ್ಕೂ ಕುಂದು ತರಬಾರದು ಎಂಬ ಒಟ್ಟು ನಡವಳಿಕೆಯನ್ನು ಅವರು ನೆದುಗುಲಿಮ್ಕ್ ಎನ್ನುತ್ತಾರೆ. ಅದರಲ್ಲಿ ‘ಪಡೆಯಬೇಕು’ ಎಂಬುದಕ್ಕೂ ಅಷ್ಟೇ ತೂಕವಿದೆ. ಹೊರಗಿನವರು ಬರೆಯುವಾಗ ಸಾಮಾನ್ಯವಾಗಿ ಆ ಅರ್ಧ ಉದುರಿಹೋಗಿರುತ್ತದೆ.

ಬರ್ಚ್ ತೊಗಟೆಯ ದೋಣಿ ಇದಕ್ಕೆ ನಾನು ಬಲ್ಲ ಅತ್ಯುತ್ತಮ ನಿದರ್ಶನ. ಟಾಡ್ ಲ್ಯಾಬ್ರಡಾರ್ ಎಂಬ ಮಿಗ್‌ಮಾ ಕುಶಲಕರ್ಮಿ ನೋವಾ ಸ್ಕೋಷಿಯಾದ ಕೆಜಿಮ್‌ಕೂಜಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಜನರ ಕಣ್ಣೆದುರೇ ಇಂಥ ದೋಣಿಗಳನ್ನು ಕಟ್ಟಿದ್ದಾರೆ. ಕಾಡಿನ ತಿಳಿವಳಿಕೆ ಅವರಿಗೆ ತಂದೆ ಚಾರ್ಲಿ ಲ್ಯಾಬ್ರಡಾರ್ ಅವರಿಂದ ಬಂದದ್ದು. ಮಗಳು ಮೆಲಿಸ್ಸಾ ಅವರ ಜೊತೆಯಲ್ಲಿ ಕೆಲಸ ಮಾಡಿದ್ದಾರೆ. ದೋಣಿಗೆ ಬೇಕಾದ ತೊಗಟೆ ಎಲ್ಲ ಮರದಲ್ಲೂ ಸಿಗುವುದಿಲ್ಲ. ಮರ ದಪ್ಪಗಿರಬೇಕು, ನೆಟ್ಟಗಿರಬೇಕು, ಕೆಳಗೆ ಕೊಂಬೆಗಳಿರಬಾರದು, ತೊಗಟೆ ಬಗ್ಗಿಸಿದರೆ ಸೀಳಬಾರದು. ಬೇಸಿಗೆಯ ಆರಂಭದಲ್ಲಿ ರಸ ಏರಿದಾಗ ಹೊರತೊಗಟೆ ತಾನಾಗಿ ಬಿಟ್ಟುಕೊಡುತ್ತದೆ. ಒಳತೊಗಟೆಗೆ ಚೂರಿ ತಾಕದಂತೆ ತೆಗೆದರೆ ಮರ ಬದುಕಿ ಉಳಿಯಬಲ್ಲದು. ಚೂರಿ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಬಾಯಲ್ಲಿ ಹೇಳಿ ಕಲಿಸಲಾಗದು, ಪಕ್ಕದಲ್ಲಿ ನಿಂತು ಕಲಿಯಬೇಕು. ದೊಡ್ಡ ಬರ್ಚ್ ಮರಗಳು ಕಡಿದುಹೋದ ಕಾಡಿನಲ್ಲಿ ಯಾರ ಪಕ್ಕದಲ್ಲಿ ನಿಂತರೂ ಕಲಿಯಲಾಗದು.

ಬುಟ್ಟಿ ಹೆಣೆಯುವ ಕಪ್ಪು ಆಶ್ ಮರದ ಕಥೆ ಇನ್ನೂ ಕಷ್ಟದ್ದು. ಅವರು ಅದನ್ನು ವಿಸ್ಕೋಕ್ ಎನ್ನುತ್ತಾರೆ. ಜೌಗಿನಲ್ಲಿ ಬೆಳೆಯುವ ಮರ. ದಿಮ್ಮಿಯನ್ನು ಕೊಡತಿಯಿಂದ ಬಡಿದರೆ ವರ್ಷದ ಉಂಗುರಗಳು ಒಂದೊಂದಾಗಿ ಪಟ್ಟಿ ಪಟ್ಟಿಯಾಗಿ ಬಿಟ್ಟುಕೊಳ್ಳುತ್ತವೆ. ನೋವಾ ಸ್ಕೋಷಿಯಾ ಅದನ್ನು 2013ರಲ್ಲಿ ಅಪಾಯದಂಚಿನ ಮರಗಳ ಪಟ್ಟಿಗೆ ಸೇರಿಸಿತು. 2018ರಲ್ಲಿ, ಆಶ್ ಮರಗಳನ್ನು ಒಳಗಿನಿಂದ ಕೊರೆದು ಕೊಲ್ಲುವ ಪಚ್ಚೆ ಬಣ್ಣದ ದುಂಬಿ ನಿಮ್ಮೂರಿನ ಪಕ್ಕದ ಬೆಡ್‌ಫೋರ್ಡ್‌ನಲ್ಲೇ ಪತ್ತೆಯಾಯಿತು. ಕೇಪ್ ಬ್ರೆಟನ್ ದ್ವೀಪದ ಮಿಗ್‌ಮಾ ಊರಾದ ಎಸ್ಕಸೋನಿಯಲ್ಲಿರುವ ಉನಮಾಗಿ ನೈಸರ್ಗಿಕ ಸಂಪನ್ಮೂಲ ಸಂಸ್ಥೆ ಈ ಮರದ ಬೀಜ ಕೂಡಿಸಿ ಸಸಿ ನೆಡುವ ಕೆಲಸ ಮಾಡುತ್ತ ಬಂದಿದೆ. ಇಂದಿನ ಮಿಗ್‌ಮಾ ಮಗುವಿಗೆ ವಿಸ್ಕೋಕ್‌ನ ಮೊದಲ ಪಾಠ ಮರ ಕಡಿಯುವುದಲ್ಲ, ಸಸಿ ನೆಡುವುದು. ಆ ಸಸಿ ದಿಮ್ಮಿಯಾಗುವಷ್ಟರಲ್ಲಿ ಮಗುವಿಗೆ ಮೊಮ್ಮಕ್ಕಳಿರಬಹುದು.

ಅಜ್ಜಿಯಿಂದ ಮೊಮ್ಮಗುವಿಗೆ ಎಂದು ಇಷ್ಟು ಹೊತ್ತು ಸರಾಗವಾಗಿ ಬರೆದೆ. ವಾಸ್ತವದಲ್ಲಿ ಆ ಎಳೆಯನ್ನು ಬೇಕೆಂದೇ ಕತ್ತರಿಸಲಾಗಿತ್ತು. ಹ್ಯಾಲಿಫ್ಯಾಕ್ಸ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ ಶುಬನಾಕಡಿ. ಅಲ್ಲಿದ್ದ ವಸತಿ ಶಾಲೆಗೆ 1930ರಿಂದ 1967ರವರೆಗೆ ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ತಂದು ಸೇರಿಸುತ್ತಿದ್ದರು. ತಾಯಿನುಡಿ ಆಡಿದರೆ ಶಿಕ್ಷೆ. ಗಿಡದ ಹೆಸರು, ಅದು ಬೆಳೆಯುವ ಜಾಗದ ಹೆಸರು, ಅದಕ್ಕೆ ಹೇಳುವ ಮಾತು ಎಲ್ಲವೂ ಆ ನುಡಿಯಲ್ಲೇ ಇದ್ದವು. ಮನೆಗೆ ಮರಳಿದ ಎಷ್ಟೋ ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತಿರಲಿಲ್ಲ. ಅವರೇ ಮುಂದೆ ತಂದೆತಾಯಿಯರಾದರು. ಹಾಗಾಗಿ ಇಂದು ಮೂವತ್ತು, ನಲವತ್ತು ವರ್ಷದ ಎಷ್ಟೋ ಮಿಗ್‌ಮಾ ತಾಯಂದಿರು ಮಕ್ಕಳ ಜೊತೆಗೇ ಮೊದಲ ಬಾರಿ ಕಲಿಯುತ್ತಿದ್ದಾರೆ.

ಆ ಶಾಲೆಯಲ್ಲಿ ಬಾಲ್ಯ ಕಳೆದವರಲ್ಲಿ ಎಸ್ಕಸೋನಿಯ ಹಿರಿಯ ಆಲ್ಬರ್ಟ್ ಮಾರ್ಷಲ್ ಒಬ್ಬರು. ಅವರೂ ಪತ್ನಿ ಮರ್ಡೀನಾ ಮಾರ್ಷಲ್ ಅವರೂ ಕೇಪ್ ಬ್ರೆಟನ್ ವಿಶ್ವವಿದ್ಯಾಲಯದ ವಿಜ್ಞಾನಿ ಶೆರಿಲ್ ಬಾರ್ಟ್‌ಲೆಟ್ ಅವರ ಜೊತೆ ಸೇರಿ 2004ರಿಂದ ‘ಎರಡು ಕಣ್ಣಿನ ನೋಟ’ ಎಂಬ ವಿಚಾರವನ್ನು ಮುಂದಿಟ್ಟರು. ಮೂಲನಿವಾಸಿ ಅರಿವಿನ ಬಲವನ್ನು ಒಂದು ಕಣ್ಣಿನಿಂದ, ಪಾಶ್ಚಾತ್ಯ ವಿಜ್ಞಾನದ ಬಲವನ್ನು ಇನ್ನೊಂದರಿಂದ ನೋಡಿ, ಎರಡನ್ನೂ ಎಲ್ಲರ ಒಳಿತಿಗೆ ಬಳಸಬೇಕು ಎಂಬುದು ಅದರ ತಿರುಳು. ಈಗ ಕೆನಡಾದ ಉದ್ದಗಲಕ್ಕೂ ಸರ್ಕಾರಿ ಕಡತಗಳಲ್ಲಿ ಈ ಮಾತು ಕಾಣುತ್ತದೆ, ಕೆಲವು ಕಡತಗಳಲ್ಲಿ ಬರೀ ಅಲಂಕಾರಕ್ಕೆ. ನುಡಿಯ ಕಡೆಯಿಂದಲೂ ಕೆಲಸ ನಡೆದಿದೆ. ಎಸ್ಕಸೋನಿಯಲ್ಲಿ ಮಿಗ್‌ಮಾ ಮಾಧ್ಯಮದ ಶಾಲೆ ಇದೆ. 2022ರಲ್ಲಿ ನೋವಾ ಸ್ಕೋಷಿಯಾದ ಕಾಯಿದೆಯೊಂದು ಮಿಗ್‌ಮಾ ನುಡಿಯನ್ನು ಪ್ರಾಂತ್ಯದ ಮೊದಲ ಭಾಷೆ ಎಂದು ಒಪ್ಪಿತು. ನಿಮ್ಮ ಮಗಳ ಶಾಲೆಗೆ ಹಿರಿಯರು ಬಂದು ಹೋಗುವುದರ ಹಿಂದೆ ಇಷ್ಟೆಲ್ಲ ಹೋರಾಟವಿದೆ.

ಸಂಗ್ರಹಿಸುವುದು ಅವರಿಗೆ ಹಕ್ಕಿನ ಪ್ರಶ್ನೆಯೂ ಹೌದು. ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ ಮಿಗ್‌ಮಾ ವ್ಯಕ್ತಿ ಹಾವುಮೀನು ಹಿಡಿದು ಮಾರಿದ್ದಕ್ಕೆ ಹೂಡಿದ ಮೊಕದ್ದಮೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 1999ರ ಸೆಪ್ಟೆಂಬರಿನಲ್ಲಿ ಅವರ ಪರ ತೀರ್ಪು ಕೊಟ್ಟಿತು. ಬ್ರಿಟಿಷರ ಜೊತೆಗಿನ 1760–61ರ ಒಪ್ಪಂದಗಳ ಪ್ರಕಾರ ಬೇಟೆ, ಮೀನುಗಾರಿಕೆ, ಸಂಗ್ರಹಣೆಯಿಂದ ಸಾಧಾರಣ ಜೀವನೋಪಾಯ ನಡೆಸುವ ಹಕ್ಕು ಅವರಿಗೆ ಇದೆ ಎಂದಿತು. ಎರಡೇ ತಿಂಗಳಲ್ಲಿ ಅದೇ ನ್ಯಾಯಾಲಯ, ಸಂಗ್ರಹಣೆ ಎಂದರೆ ಹಣ್ಣುಹಂಪಲಿನಂಥವು, ಕಂಡದ್ದೆಲ್ಲ ಅಲ್ಲ ಎಂದು ಸ್ಪಷ್ಟೀಕರಣವನ್ನೂ ಕೊಟ್ಟಿತು. ಕಾನೂನಿನ ಅನುಮತಿ ಇಲ್ಲದ ಕಡೆ ಅಜ್ಜಿ ಮೊಮ್ಮಗುವನ್ನು ಕರೆದುಕೊಂಡು ಹೋಗುವುದಾದರೂ ಹೇಗೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದನ್ನು ಬಲ್ಲ ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಿರಿಯರು ಏನನ್ನು ಹೇಳುವುದಿಲ್ಲ ಎಂಬುದನ್ನೂ ನಿಮ್ಮ ಮಗಳು ಗಮನಿಸಿರಬಹುದು. ಯಾವ ಬೇರಿಗೆ ಎಷ್ಟು ನೀರು, ಎಷ್ಟು ಹೊತ್ತು ಕುದಿಸಬೇಕು ಎಂಬ ವಿವರವನ್ನು ಅವರು ಶಾಲೆಯಲ್ಲಿ ಬಿಚ್ಚಿಡುವುದಿಲ್ಲ. ಅದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. 1860ರ ದಶಕದ ಆರಂಭದಲ್ಲಿ ಮಿಗ್‌ಮಾ ಜನ ಸಿಡುಬಿಗೆ ಹೂಜಿ ಗಿಡದ (ಪಿಚರ್ ಪ್ಲಾಂಟ್) ಬೇರನ್ನು ಬಳಸುತ್ತಾರೆಂಬ ಸುದ್ದಿ ಬ್ರಿಟಿಷ್ ಸೇನೆಯ ವೈದ್ಯರೊಬ್ಬರ ಮೂಲಕ ಲಂಡನ್ ಮುಟ್ಟಿತು. ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಬೇರು ಮಾರಾಟದ ಸರಕಾಯಿತು, ಪ್ರಯೋಜನವಿಲ್ಲವೆಂದು ಕೆಲವರು ತೀರ್ಪು ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗಾಲಯ ಅಧ್ಯಯನವು ಈ ಗಿಡದ ಸಾರ ಸಿಡುಬಿನ ಜಾತಿಯ ವೈರಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಂದು ತೋರಿಸಿತು. ಈ ಏರಿಳಿತಗಳಲ್ಲಿ ಯಾವುದರಿಂದಲೂ ಅರಿವಿನ ಒಡೆಯರಿಗೆ ಏನೂ ದಕ್ಕಲಿಲ್ಲ. ಇಂದು ಮಿಗ್‌ಮಾ ಸಮುದಾಯದ ಅರಿವಿನ ಮೇಲೆ ಸಂಶೋಧನೆ ಮಾಡುವವರು ಅವರದೇ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕೆಂಬ ಕ್ರಮ ಬಂದಿರುವುದು ಇಂಥ ಅನುಭವಗಳ ಬೆನ್ನಲ್ಲೇ. ಔಷಧಿಯ ಆಳವಾದ ವಿದ್ಯೆ ಸಮುದಾಯದ ಒಳಗೂ ಎಲ್ಲ ಮಕ್ಕಳಿಗೆ ಹೋಗುವುದಿಲ್ಲ. ಹಿರಿಯರು ಮಗುವಿನ ಸ್ವಭಾವ ನೋಡಿ, ವರ್ಷಗಟ್ಟಲೆ ಕಾದು, ಆಯ್ದು ಕೊಡುತ್ತಾರೆ.

ಈಗ ನಿಮ್ಮ ಮನೆಯ ವಿಷಯ. ಹೊಗೆಸೊಪ್ಪಿನ ಅರ್ಪಣೆಯನ್ನು ನೀವಾಗಿ ಆರಂಭಿಸಬೇಡಿ ಎಂಬುದು ನನ್ನ ಸಲಹೆ. ಅದು ಆ ನೆಲದ ಜೊತೆ ಆ ಜನರಿಗಿರುವ ನಂಟಿನ ಭಾಗ. ಹಿರಿಯರ ಜೊತೆ ಹೋದಾಗ ಅವರೇ ನಿಮ್ಮ ಮಗಳ ಕೈಗೆ ಒಂದು ಚಿಟಿಕೆ ಕೊಟ್ಟು ‘ಇಡು’ ಎಂದರೆ ಧಾರಾಳವಾಗಿ ಇಡಲಿ. ಮಗಳಿಗೆ ‘ಅದು ತಪ್ಪು’ ಎನ್ನಬೇಡಿ, ‘ಅದನ್ನು ಅವರಿಂದಲೇ ಕಲಿಯಬೇಕು, ಅವರು ಕರೆದಾಗ ಹೋಗೋಣ’ ಎನ್ನಿ. ಬೇಸಿಗೆಯಲ್ಲಿ ಮಿಗ್‌ಮಾ ಸಮುದಾಯಗಳು ನಡೆಸುವ ಪವ್‌ವಾವ್ ಉತ್ಸವಗಳಲ್ಲಿ ಎಲ್ಲರಿಗೂ ಸ್ವಾಗತವಿರುವವು ಹಲವಿವೆ. ಮಗಳನ್ನು ಅಲ್ಲಿಗೆ ಕರೆದೊಯ್ಯಿರಿ, ಬುಟ್ಟಿ ಕೊಳ್ಳುವುದಿದ್ದರೆ ಹೆಣೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಬೇಡ. ಶಾಲೆಗೆ ಬಂದಿದ್ದ ಹಿರಿಯರಿಗೆ ಮಗಳು ತನ್ನ ಕೈಯಾರೆ ಒಂದು ಪತ್ರ ಬರೆಯಲಿ. ‘ವೆಲಾಲಿನ್’ ಎಂದರೆ ಅವರ ನುಡಿಯಲ್ಲಿ ಧನ್ಯವಾದ.

ಮನೆಯಲ್ಲಿ ಅನುಸರಿಸಲು ನಿಮ್ಮದೇ ಆದದ್ದು ಸಾಕಷ್ಟಿದೆ. ತುಳಸಿಯನ್ನು ಸಂಜೆ ಕೀಳಬಾರದೆಂದು ನಿಮಗೂ ಯಾರೋ ಹೇಳಿರುತ್ತಾರೆ. ನಮ್ಮ ನಾಟಿ ವೈದ್ಯರಲ್ಲಿ ಕೆಲವರು ಹಿಂದಿನ ದಿನವೇ ಗಿಡಕ್ಕೆ ಅರಿಶಿನ ಕುಂಕುಮ ಇಟ್ಟು, ದಾರ ಕಟ್ಟಿ, ಒಪ್ಪಿಗೆ ಕೇಳಿ ಮರುದಿನ ಮೂಲಿಕೆ ತೆಗೆಯುತ್ತಾರೆ. ಎರಡೂ ಒಂದೇ ಎಂದು ಮಗಳಿಗೆ ಹೇಳುವ ಆತುರ ಬೇಡ, ಅವು ಒಂದೇ ಅಲ್ಲ. ಕೇಳದೆ ಕೀಳದವರು ನಮ್ಮಲ್ಲಿಯೂ ಇದ್ದಾರೆಂದು ಅವಳಿಗೆ ತಿಳಿದರೆ ಆಯಿತು.

ಕಿರಿಯವನ ಬಗ್ಗೆ ನನಗೆ ಚಿಂತೆ ಇಲ್ಲ. ಆರು ವರ್ಷದ ಕೈಗೆ ಬೇಕಿರುವುದು ನಿಷೇಧವಲ್ಲ, ಕೆಲಸ. ಹಣ್ಣು ಬಿಡಿಸಲು ಬಿಡುವ ತೋಟಗಳು ಆಗಸ್ಟಿನಲ್ಲಿ ನಿಮ್ಮ ಸುತ್ತಲೂ ತೆರೆದಿರುತ್ತವೆ. ಹೊರಡುವ ಮೊದಲೇ ಯಾರಿಗಾಗಿ ಎಂದು ಅವನಿಂದ ಹೇಳಿಸಿ: ಪಕ್ಕದ ಮನೆಯ ಅಜ್ಜಿಗೋ, ತನ್ನ ಶಿಕ್ಷಕಿಗೋ. ಡಬ್ಬಿ ತುಂಬಿದ ಮೇಲೆ ಮೊದಲು ಅವರಿಗೆ ಕೊಟ್ಟು ಬರಲಿ, ಮಿಕ್ಕಿದ್ದು ಮನೆಗೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕೀಳುವುದು ಅಪರಾಧವೆಂಬುದನ್ನೂ ಸಲೀಸಾಗಿ ಹೇಳಿಬಿಡಿ. ಮನೆಗೆ ಬಂದೊಡನೆ ಇಬ್ಬರ ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ಉಣುಗು ಇದೆಯೇ ನೋಡಿ. ಮಲೆನಾಡಿನವರಾದರೆ ಮಂಗನ ಕಾಯಿಲೆಯ ನೆನಪಿರುತ್ತದೆ. ಈಗ ನೀವಿರುವ ಕಡೆ ಉಣುಗಿನಿಂದ ಬರುವುದು ಲೈಮ್ ಕಾಯಿಲೆ, ನೋವಾ ಸ್ಕೋಷಿಯಾದಲ್ಲಿ ಅದು ಬಹಳವೇ ಇದೆ.

ಒಂದು ಎಚ್ಚರಿಕೆ ಇಬ್ಬರಿಗೂ ಬೇಕು. ಲ್ಯಾಬ್ರಡಾರ್ ಟೀ ಎಂಬ ಗಿಡದ ಎಲೆಯಿಂದ ಮಿಗ್‌ಮಾ ಜನ ಚಹಾ ಮಾಡುತ್ತಾರೆ. ಅದೇ ಜೌಗಿನಲ್ಲಿ ಶೀಪ್ ಲಾರೆಲ್ ಎಂಬ ವಿಷದ ಗಿಡವೂ ಬೆಳೆಯುತ್ತದೆ. ಮೊದಲನೆಯದರ ಎಲೆಯ ಅಡಿಯಲ್ಲಿ ತುಕ್ಕಿನ ಬಣ್ಣದ ದಟ್ಟ ರೋಮವಿರುತ್ತದೆ, ಎರಡನೆಯದಕ್ಕೆ ಅದು ಇಲ್ಲ. ಇದನ್ನು ಓದಿ ಚಹಾ ಮಾಡಲು ಹೊರಡಬೇಡಿ. ಎಲೆಯನ್ನು ತಿರುಗಿಸಿ ನೋಡುವ ಅಭ್ಯಾಸ ಮಕ್ಕಳಿಗೆ ಆದರೆ ಸಾಕು.

ಇನ್ನು ಬಜೆ. ಹೌದು, ಮಿಗ್‌ಮಾ ಔಷಧಿಗಳಲ್ಲಿ ಬಜೆಯ ಹತ್ತಿರದ ಸಂಬಂಧಿ ಇದೆ. ಗಂಟಲಿಗೆ, ಕೆಮ್ಮಿಗೆ, ಹೊಟ್ಟೆಗೆ ಅದರ ಬೇರನ್ನು ಬಳಸುತ್ತಾರೆ. ಕೆರೆಯಂಚಿನ ಕೆಸರಿನಲ್ಲಿ ಬೆಳೆಯುವ ಗಿಡ, ಎಲೆ ಹೊಸಕಿದರೆ ಅದೇ ಗಾಟು ಪರಿಮಳ. ಅದೇ ಕೆಸರಿನಲ್ಲಿ, ಅದೇ ಕತ್ತಿಯಂಥ ಎಲೆಯ ನೀಲಿ ಐರಿಸ್ ಕೂಡ ಬೆಳೆಯುತ್ತದೆ. ಅದರ ಗೆಡ್ಡೆ ವಿಷ, ಎಲೆಗೆ ಆ ಪರಿಮಳವಿಲ್ಲ. ಅಮೆರಿಕ ಖಂಡದ ಮೂಲದ ತಳಿಯಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕ ಇರುವುದಿಲ್ಲ. ನಮ್ಮ ದೇಶದ ಬಜೆಯಲ್ಲಿ ಅದು ಹೆಚ್ಚಾಗಿ ಇರುತ್ತದೆ, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್‌ಕಾರಕವೆಂದು ಕಂಡುಬಂದಿದೆ. ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕ ದೇಶ 1968ರಲ್ಲೇ ನಿಷೇಧಿಸಿತು. ಊರಿನಿಂದ ಅಮ್ಮನೋ ಅತ್ತೆಯೋ ಕಳಿಸಿದ ಬಜೆ ಬೇರು ಮನೆಯಲ್ಲಿದ್ದರೆ ಮಗಳು ಮೂಸಿ ನೋಡಲಿ, ಮುಂದೆ ಹಿರಿಯರ ಜೊತೆ ಕೆರೆಯಂಚಿಗೆ ಹೋದಾಗ ಗುರುತು ಹಿಡಿಯಲು ಅನುಕೂಲ. ಅರೆದು ಹಸುಗೂಸುಗಳಿಗೆ ನೆಕ್ಕಿಸುವ ರೂಢಿಯನ್ನು ಮಾತ್ರ ಮಕ್ಕಳ ವೈದ್ಯರನ್ನು ಕೇಳದೆ ಮುಂದುವರಿಸಬೇಡಿ.